ಊರು, ಟೇಸನ್ ಮತ್ತು ನಡುವಿನ ಹಾದಿ: ವಾಡಿ–ಸೇಡಂ ಪರಿಸರದ ರೈಲು ನಿಲ್ದಾಣಗಳ ಜಾನಪದೀಯ ಅವಲೋಕನ

ಜಾನಪದ ಅಧ್ಯಯನವು ಹಾಡು, ಕಥೆ, ಆಚರಣೆಗಳಿಗಷ್ಟೇ ಸೀಮಿತವಾದುದಲ್ಲ. ಜನರು ಬಳಸುವ ವಾಹನ, ತುಳಿದ ಹಾದಿ, ದೂರವನ್ನು ಅಳೆಯುವ ಕ್ರಮ ಇವೆಲ್ಲವೂ ಭೌತಿಕ ಸಂಸ್ಕೃತಿಯ ಅಂಗಗಳೇ ಆಗಿವೆ. ರೈಲು ನಿಲ್ದಾಣವನ್ನು ಸಾಮಾನ್ಯವಾಗಿ ಎಂಜಿನಿಯರುಗಳ ಹಾಗೂ ಅರ್ಥಶಾಸ್ತ್ರಜ್ಞರ ವಿಷಯವೆಂದು ಭಾವಿಸಲಾಗಿದೆ. ಆದರೆ ಊರಿನಿಂದ ನಿಲ್ದಾಣಕ್ಕೆ ಹೋಗುವ ಹಾದಿ ಜನಪದರದೇ ಆದುದು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪರಿಸರದಲ್ಲಿ ನಿಲ್ದಾಣಗಳ ನೆಲೆ ಹೇಗೆ ನಿರ್ಧಾರವಾಯಿತು, ಜನರು ಅವನ್ನು ಹೇಗೆ ತಲುಪಿದರು, ಹೊಸ ಮಾರ್ಗಗಳ ಯೋಜನೆಗೆ ಈ ಅನುಭವ ಏನನ್ನು ಸೂಚಿಸುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಮಾರ್ಗದ ಉದ್ದೇಶ

ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು 1871ರಲ್ಲಿ ರಾಯಚೂರು ತಲುಪಿ ಮದ್ರಾಸ್ ಕಡೆಯ ಮಾರ್ಗವನ್ನು ಕೂಡಿಕೊಂಡಿತು. ಶಹಾಬಾದ್ ಮತ್ತು ವಾಡಿ ಈ ಹೆದ್ದಾರಿಯ ಮೇಲೆ ಬಂದವು. ನಿಜಾಮರ ರಾಜಧಾನಿಯಾದ ಹೈದರಾಬಾದ್ ಮಾತ್ರ ಅದರಿಂದ ದೂರ ಉಳಿಯಿತು. ಈ ಕೊರತೆಯನ್ನು ನೀಗಿಸಲು ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ಮಾರ್ಗವು 1874ರಲ್ಲಿ ತೆರೆಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಕುಂಟಾ ನಿಲ್ದಾಣಗಳು ಈ ಮಾರ್ಗದಲ್ಲಿವೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಮಾರ್ಗದ ಗುರಿ ಹೈದರಾಬಾದೇ ಹೊರತು ನಡುವಿನ ಊರುಗಳಲ್ಲ. ಉಗಿಯಂತ್ರಕ್ಕೆ ದಾರಿಯಲ್ಲಿ ನೀರು ಬೇಕು. ಒಂಟಿ ಹಳಿಯ ಮೇಲೆ ಎದುರುಬದುರು ಬರುವ ಗಾಡಿಗಳು ಒಂದನ್ನೊಂದು ದಾಟಲು ನಿರ್ದಿಷ್ಟ ಅಂತರದಲ್ಲಿ ತಾಣಗಳು ಬೇಕು. ನಿಲುಗಡೆಗೆ ಸಮತಟ್ಟಾದ ನೆಲ ಬೇಕು. ನಿಲ್ದಾಣದ ನೆಲೆಯನ್ನು ನಿರ್ಧರಿಸುವಾಗ ಇಂಥ ಅಗತ್ಯಗಳು ಮುಂದಾಗಿ, ಊರಿನ ಅಗಸಿ ಎಲ್ಲಿದೆ, ಸಂತೆ ಎಲ್ಲಿ ಕೂಡುತ್ತದೆ ಎಂಬುವು ಹಿಂದಾಗುತ್ತಿದ್ದವು.

2. ಹೆಸರು ಹೇಳುವ ಸತ್ಯ

ಸ್ಥಳನಾಮಗಳು ಚರಿತ್ರೆಯ ಆಕರಗಳೆಂಬುದು ವಿದ್ವಾಂಸರು ಒಪ್ಪಿದ ಮಾತು. ನಿಲ್ದಾಣದ ಹೆಸರುಗಳಿಗೂ ಇದು ಅನ್ವಯಿಸುತ್ತದೆ. ಕಾಗಿಣಾ ದಂಡೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ‘ಕವಿರಾಜಮಾರ್ಗ’ ಹುಟ್ಟಿದ ಅಮೋಘವರ್ಷನ ಆಸ್ಥಾನವಿದ್ದ ನೆಲ. ಆದರೆ ಹಳಿ ಊರನ್ನು ಬದಿಗಿಟ್ಟು ಸಾಗಿತು. ಕೆಲವು ಕಿಲೋಮೀಟರ್ ಆಚೆಯ ನಿಲ್ದಾಣಕ್ಕೆ ‘ಮಳಖೇಡ ರೋಡ್’ ಎಂದು ಹೆಸರಾಯಿತು. ಭಾರತೀಯ ರೈಲ್ವೆಯಲ್ಲಿ ‘ರೋಡ್’ ಎಂಬ ಬಾಲವುಳ್ಳ ನಿಲ್ದಾಣಗಳು ಅನೇಕ ಇವೆ. ಇದು ಆ ಊರಲ್ಲ, ಆ ಊರಿಗೆ ಹೋಗುವ ದಾರಿ ಮಾತ್ರ ಎಂಬುದೇ ಅದರ ಅರ್ಥ. ಉಳಿದ ದಾರಿಯ ಹೊಣೆ ಪ್ರಯಾಣಿಕನದೇ ಎಂಬ ಸೂಚನೆಯೂ ಅದರಲ್ಲಿ ಅಡಗಿದೆ.

ವಾಡಿಯ ಕಥೆ ಇದಕ್ಕೆ ವಿರುದ್ಧವಾದುದು. ಎರಡು ಮಾರ್ಗಗಳು ಕೂಡಿದ್ದರಿಂದ ಅದು ಜಂಕ್ಷನ್ ಆಯಿತು. ನಿಲ್ದಾಣದ ಸುತ್ತ ಊರು ಬೆಳೆಯಿತು. 1968ರಲ್ಲಿ ಸಿಮೆಂಟ್ ಕಾರ್ಖಾನೆಯೂ ಬಂದಿತು. ಶಹಾಬಾದ್ ತನ್ನ ಹಾಸುಗಲ್ಲನ್ನು ಹಳಿಯ ಮೂಲಕ ದೂರದ ಪಟ್ಟಣಗಳಿಗೆ ಕಳುಹಿಸಿತು; ‘ಶಹಾಬಾದಿ ಫರ್ಸಿ’ ಎಂಬ ಹೆಸರು ಆ ಊರನ್ನು ಕಾಣದವರಿಗೂ ಪರಿಚಿತವಾಯಿತು. ನಿಲ್ದಾಣ ಹತ್ತಿರವಾದ ಊರಿಗೂ ದೂರವಾದ ಊರಿಗೂ ಇರುವ ಅಂತರವನ್ನು ಈ ಉದಾಹರಣೆಗಳು ಸ್ಪಷ್ಟಪಡಿಸುತ್ತವೆ.

3. ಕೂಗಳತೆ ಮತ್ತು ಹರದಾರಿ

ಜನಪದರು ದೂರವನ್ನು ದೇಹದ ಅನುಭವದಿಂದ ಅಳೆದವರು. ಕರೆದರೆ ಕೇಳಿಸುವಷ್ಟು ದೂರ ‘ಕೂಗಳತೆ’. ಸುಮಾರು ಮೂರು ಮೈಲಿಯ ದಾರಿ ‘ಹರದಾರಿ’. ಹರದಾರಿಯೆಂದರೆ ನಡೆಯುವವನಿಗೆ ಒಂದು ತಾಸಿನ ದಾರಿ. ನಿಲ್ದಾಣ ಕೂಗಳತೆಯಲ್ಲಿದ್ದರೆ ಅದು ಊರಿನದೇ ಒಂದು ಓಣಿಯಂತೆ. ಹರದಾರಿ ದೂರವಿದ್ದರೆ ಅಲ್ಲಿಗೆ ಹೋಗುವುದು ಬುತ್ತಿ, ಬಂಡಿ, ಜೊತೆಗಾರರನ್ನು ಹೊಂದಿಸಿಕೊಳ್ಳಬೇಕಾದ ಒಂದು ಪಯಣ.

ಈ ಭಾಗದ ಎರೆಭೂಮಿ ಪಯಣವನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುವ ನೆಲ ಮಳೆಗಾಲದಲ್ಲಿ ಕಾಲಿಗೂ ಗಾಲಿಗೂ ಅಂಟಿಕೊಳ್ಳುತ್ತದೆ. ಮಳಖೇಡದಲ್ಲಿ ಜಯತೀರ್ಥರ ಆರಾಧನೆ ಬರುವುದು ಆಷಾಢದಲ್ಲಿ, ಅಂದರೆ ಹಾದಿ ಕೆಸರಾಗುವ ಕಾಲದಲ್ಲಿಯೇ. ರೈಲಿಳಿದ ಯಾತ್ರಿಕನಿಗೆ ಹೈದರಾಬಾದಿನಿಂದ ಬಂದ ದಾರಿಗಿಂತ ನಿಲ್ದಾಣದಿಂದ ಮಠಕ್ಕೆ ಹೋಗುವ ಹಾದಿಯೇ ದೊಡ್ಡದೆನಿಸಿದರೆ ಅಚ್ಚರಿಯಿಲ್ಲ.

ಬಂಡಿಯ ನಂತರ ಹರದಾರಿಯನ್ನು ಕುಗ್ಗಿಸಿದ ಸಾಧನ ಸೈಕಲ್. ತಾಸಿಗೆ ಐದು ಕಿ.ಮೀ. ನಡೆಯುವವನು ಹದಿನೈದು ನಿಮಿಷದಲ್ಲಿ ಒಂದೂಕಾಲು ಕಿ.ಮೀ. ಸಾಗಿದರೆ, ತಾಸಿಗೆ ಹದಿನೈದು ಕಿ.ಮೀ. ತುಳಿಯುವವನು ಅಷ್ಟೇ ಹೊತ್ತಿನಲ್ಲಿ ಮೂರೂಮುಕ್ಕಾಲು ಕಿ.ಮೀ. ತಲುಪುತ್ತಾನೆ. ದೂರ ಮೂರು ಪಟ್ಟಾದಾಗ ನಿಲ್ದಾಣದ ಸುತ್ತಳತೆಗೆ ಒಳಪಡುವ ನೆಲ ಒಂಬತ್ತು ಪಟ್ಟಾಗುತ್ತದೆ. ಅಂದರೆ ಹೊಸ ನಿಲ್ದಾಣವನ್ನು ಕಟ್ಟದೆಯೇ ಇನ್ನೂ ಹಲವು ಹಳ್ಳಿಗಳು ರೈಲಿಗೆ ಹತ್ತಿರವಾಗುತ್ತವೆ. ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳು, ಪಂಕ್ಚರ್ ತಿದ್ದುವವರು ಇವರೆಲ್ಲ ಯಾರೂ ಯೋಜಿಸದೆ ಬೆಳೆದ ಒಂದು ಸಾರಿಗೆ ವ್ಯವಸ್ಥೆಯ ಭಾಗವಾಗಿದ್ದರು. ಮೋಟಾರ್ ಸೈಕಲ್ ಮತ್ತು ಟಂಟಂಗಳು ಹೆಚ್ಚಿದಂತೆ ಆ ಕಸುಬು ಕ್ಷೀಣಿಸಿತು. ಆದರೆ ಮೋಟಾರ್ ಸೈಕಲ್ ಕೊಳ್ಳಲಾಗದವರಿಗೆ, ಶಾಲಾ ಕಾಲೇಜಿನ ಮಕ್ಕಳಿಗೆ ಸೈಕಲ್ಲಿನ ಅಗತ್ಯ ತೀರಿಲ್ಲ. ರಾಜ್ಯ ಸರ್ಕಾರವು 2006-07ರಲ್ಲಿ ಪ್ರೌಢಶಾಲಾ ಮಕ್ಕಳಿಗೆ ಸೈಕಲ್ ಹಂಚಲು ತೊಡಗಿದಾಗ ಈ ಅಗತ್ಯವನ್ನೇ ಗುರುತಿಸಿತ್ತು.

4. ಹಳಿಯಿಲ್ಲದ ಚಿಂಚೋಳಿ

ಮೇಲೆ ಹೇಳಿದ ಊರುಗಳ ಸಾಲಿನಲ್ಲಿ ಚಿಂಚೋಳಿಯ ಸ್ಥಿತಿ ಬೇರೆಯೇ ಆಗಿದೆ. ಈ ಪಟ್ಟಣಕ್ಕೆ ರೈಲಿಲ್ಲ. ಇಲ್ಲಿಯ ಜನ ರೈಲು ಹಿಡಿಯಲು ಸೇಡಂಗೋ ನೆರೆಯ ತೆಲಂಗಾಣದ ತಾಂಡೂರಿಗೋ ಹೋಗಬೇಕು. 2017ರಲ್ಲಿ ಪೂರ್ಣಗೊಂಡ ಬೀದರ–ಕಲಬುರಗಿ ಮಾರ್ಗವೂ ಹುಮನಾಬಾದ್, ಕಮಲಾಪುರಗಳ ಮೂಲಕ ಸಾಗಿ ಚಿಂಚೋಳಿಯನ್ನು ಮುಟ್ಟಲಿಲ್ಲ. ಹಲವು ಹರದಾರಿಗಳ ಈ ದೂರಕ್ಕೆ ಸೈಕಲ್ ಪರಿಹಾರವಲ್ಲ. ಗಾಡಿಯ ವೇಳೆಗೆ ಹೊಂದುವ ಬಸ್ಸು ಬೇಕು. 2023ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿದೆ. ಆದರೆ ಬಸ್ಸು ಪೇಟೆಯಲ್ಲಿ ನಿಂತು ರೈಲು ಊರ ಹೊರಗೆ ನಿಂತರೆ, ನಡುವಿನ ತುಂಡುಹಾದಿಗೆ ಮತ್ತೆ ಹಣ ತೆರಬೇಕಾಗುತ್ತದೆ. ಇರುಳಿನಲ್ಲಿ ಒಂಟಿಯಾಗಿ ಇಳಿಯುವ ಹೆಣ್ಣುಮಗಳಿಗೆ ಆ ತುಂಡುಹಾದಿಯೇ ಪ್ರಯಾಣವನ್ನು ನಿರ್ಧರಿಸುತ್ತದೆ.

5. ಹೊಸ ಮಾರ್ಗಗಳಿಗೆ ಹಳೆಯ ಪಾಠ

ನಿಲ್ದಾಣವನ್ನೂ ಸೈಕಲ್ ಹಾದಿಯನ್ನೂ ಒಟ್ಟಾಗಿ ಯೋಜಿಸುವುದು ಇಂದು ಜಗತ್ತು ಒಪ್ಪಿದ ಕ್ರಮ. ನೆದರ್ಲೆಂಡ್ಸಿನ ಯುಟ್ರೆಕ್ಟ್ ನಿಲ್ದಾಣದಲ್ಲಿ 2019ರಲ್ಲಿ ಪೂರ್ಣಗೊಂಡ ತಂಗುದಾಣದಲ್ಲಿ ಸುಮಾರು 12,500 ಸೈಕಲ್ಲುಗಳಿಗೆ ಸ್ಥಳವಿದೆ. ನಮ್ಮಲ್ಲಿ ಮೈಸೂರು 2017ರಲ್ಲಿ ಸಾರ್ವಜನಿಕ ಸೈಕಲ್ ವ್ಯವಸ್ಥೆಯನ್ನು ಆರಂಭಿಸಿತು. 2011ರಲ್ಲಿ ಮೆಟ್ರೋ ಬಂದ ಬೆಂಗಳೂರಿನಲ್ಲಿಯೂ ನಿಲ್ದಾಣದಿಂದ ಮನೆಯವರೆಗಿನ ಕೊನೆಯ ತುಂಡು ಚರ್ಚೆಯ ವಿಷಯವಾಗಿದೆ. ಇದನ್ನು ಮಹಾನಗರಗಳ ಸಮಸ್ಯೆಯೆಂದಷ್ಟೇ ನೋಡುವುದು ಸರಿಯಲ್ಲ. ‘ಮಳಖೇಡ ರೋಡ್’ ಎಂಬ ಹೆಸರು ಅದೇ ಸಮಸ್ಯೆಯನ್ನು ಬಹು ಹಿಂದೆಯೇ ಹೇಳಿದೆ.

ಗದಗ–ವಾಡಿ ಹೊಸ ಮಾರ್ಗದ ಕೆಲಸ ನಡೆದಿದ್ದು, 2025ರಲ್ಲಿ ಅದರ ತಳಕಲ್–ಕುಷ್ಟಗಿ ಭಾಗದಲ್ಲಿ ಸಂಚಾರ ಆರಂಭವಾಯಿತು. ಲಿಂಗಸುಗೂರು, ಸುರಪುರ, ಶಹಾಪುರಗಳ ಮೂಲಕ ಅದು ವಾಡಿಯನ್ನು ಕೂಡಬೇಕಿದೆ. ಇಂದಿನ ಗಾಡಿಗೆ ದಾರಿಯಲ್ಲಿ ನೀರು ತುಂಬಿಸಬೇಕಾಗಿಲ್ಲ. ಆದುದರಿಂದ 1874ರ ಕಟ್ಟುಪಾಡುಗಳಲ್ಲಿ ಕೆಲವು ಈಗ ಉಳಿದಿಲ್ಲ. ನೆಲೆಯನ್ನು ಗುರುತಿಸುವ ಮೊದಲು ಸಂತೆಯ ದಾರಿ, ಜಾತ್ರೆಯ ದಾರಿ, ಮಕ್ಕಳು ಶಾಲೆಗೆ ಹೋಗುವ ಅಡ್ಡಹಾದಿಗಳನ್ನು ನಕ್ಷೆಗೆ ಇಳಿಸಬೇಕು. ಒಂದು ಹರದಾರಿಯೊಳಗಿನ ಹಳ್ಳಿಗಳಿಂದ ಮಳೆಗಾಲದಲ್ಲಿಯೂ ಸೈಕಲ್ ಸಾಗುವ ಗಟ್ಟಿ ಹಾದಿ ಬೇಕು; ಈ ನೆಲದಲ್ಲಿಯೇ ದೊರೆಯುವ ಕಲ್ಲನ್ನು ಅದಕ್ಕೆ ಬಳಸಬಹುದು. ಹಳಿಯ ಎರಡೂ ಬದಿಯ ಜನ ಸೈಕಲ್ ಹೊರದೆ ದಾಟುವಂತಹ ಕೆಳಸೇತುವೆ, ನೆರಳು ಮತ್ತು ಬೀಗದ ಭದ್ರತೆಯುಳ್ಳ ಸೈಕಲ್ ನಿಲುಗಡೆ, ಇರುಳಿನ ದೀಪ ಇವು ದೊಡ್ಡ ವೆಚ್ಚದ ಕೆಲಸಗಳಲ್ಲ.

ಒಟ್ಟಿನಲ್ಲಿ, ಒಮ್ಮೆ ಹಾಕಿದ ಹಳಿ ಶತಮಾನ ಕಳೆದರೂ ಕದಲುವುದಿಲ್ಲ. 1874ರಲ್ಲಿ ನಿರ್ಧಾರವಾದ ದೂರವನ್ನು ಮಳಖೇಡದವರು ಇಂದಿಗೂ ಕ್ರಮಿಸುತ್ತಿದ್ದಾರೆ. ಜನಪದರ ಹಾದಿಗಳ ಬಗೆಗಿನ ಕ್ಷೇತ್ರಕಾರ್ಯವು ಹಿಂದಿನದರ ದಾಖಲೆಯಾಗಿ ಮಾತ್ರ ಉಳಿಯದೆ, ನಿಲ್ದಾಣದ ಜಾಗ ಗುರುತಿಸುವವರ ಮೇಜಿಗೂ ತಲುಪಬೇಕು. ಈ ಪರಿಸರದ ಹಾದಿಗಳ ಸಮಗ್ರ ಸಮೀಕ್ಷೆಯನ್ನು ಹೊಸ ಮಾರ್ಗ ವಾಡಿ ತಲುಪುವ ಮುನ್ನ ಕೈಗೊಳ್ಳುವುದು ಸಂಶೋಧಕರ ಮುಂದಿರುವ ತುರ್ತು ಕಾರ್ಯವಾಗಿದೆ.