ಮರುಭೂತಿಯ ಎರಡು ಸಾವುಗಳು

ಕಾರಣ ತಿಳಿಯದ ಭಯ, ಮೂಲ ಕಾಣದ ದುಃಖ, ಮೊದಲ ನೋಟಕ್ಕೇ ಹುಟ್ಟುವ ದ್ವೇಷ. ಇಂಥವು ಮನಸ್ಸನ್ನು ಕಾಡಿದಾಗ ‘ಹಿಂದಿನ ಜನ್ಮದ್ದು’ ಎಂದು ಹೇಳಿ ಸುಮ್ಮನಾಗುವುದುಂಟು. ಜೈನಾಗಮವು ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಭಯ ಮತ್ತು ಶೋಕಗಳನ್ನು ಅದು ಮೋಹನೀಯ ಕರ್ಮದ ಒಂಬತ್ತು ನೋಕಷಾಯಗಳಲ್ಲಿ ಹೆಸರಿಸಿ ಎಣಿಸಿದೆ. ದೇಹ ಬಿದ್ದುಹೋದರೂ ಕ್ಷಯವಾಗದ ಕರ್ಮವು ಜೀವದೊಡನೆ ಮುಂದಿನ ಭವಕ್ಕೆ ಸಾಗುತ್ತದೆ.

ಈ ವಿಷಯಕ್ಕೆ ಕಲಬುರಗಿ ಸೀಮೆಯ ನಂಟು ಹಳೆಯದು. ಕರಜಗಿ ಇರುವ ಜಿಲ್ಲೆಯಲ್ಲಿಯೇ, ಕಾಗಿಣಾ ತೀರದ ಇಂದಿನ ಮಳಖೇಡದಲ್ಲಿ, ರಾಷ್ಟ್ರಕೂಟರ ಮಾನ್ಯಖೇಟವಿತ್ತು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಗುರುಗಳಾದ ಜಿನಸೇನಾಚಾರ್ಯರು ಕಾಳಿದಾಸನ ಮೇಘದೂತದ ಸಾಲುಗಳನ್ನೇ ಒಳಗಿರಿಸಿಕೊಂಡು ‘ಪಾರ್ಶ್ವಾಭ್ಯುದಯ’ವನ್ನು ರಚಿಸಿದರು. ವಿರಹದ ಕಾವ್ಯವು ವೈರದ ಕಾವ್ಯವಾಯಿತು! ಭಗವಾನ್ ಪಾರ್ಶ್ವನಾಥರನ್ನು ಭವಭವಾಂತರಗಳಲ್ಲಿ ಬೆನ್ನಟ್ಟಿದ ಕಮಠನ ಹಗೆಯೇ ಅದರ ವಸ್ತು. ಅವರ ಶಿಷ್ಯ ಗುಣಭದ್ರಾಚಾರ್ಯರು ಉತ್ತರಪುರಾಣದಲ್ಲಿ, ಮುಂದೆ 13ನೆಯ ಶತಮಾನದಲ್ಲಿ ಪಾರ್ಶ್ವಪಂಡಿತನು ಕನ್ನಡದಲ್ಲಿ ಪಾರ್ಶ್ವನಾಥರ ಚರಿತೆಯನ್ನು ಹೇಳಿದರು.

ಪುರಾಣಪರಂಪರೆಯಲ್ಲಿ ಕಥೆ ಹೀಗಿದೆ. ಪೋದನಪುರದ ಅರವಿಂದ ಮಹಾರಾಜನ ಆಶ್ರಯದಲ್ಲಿ ಕಮಠ, ಮರುಭೂತಿ ಎಂಬ ಸೋದರರಿದ್ದರು. ತಮ್ಮನ ಮಡದಿಯ ಮೇಲೆ ಕಣ್ಣುಹಾಕಿದ ಕಮಠನು ನಾಡಿನಿಂದ ಹೊರದೂಡಲ್ಪಟ್ಟು, ತಲೆಯ ಮೇಲೆ ಬಂಡೆ ಹೊತ್ತು ಕುತಪಕ್ಕೆ ನಿಂತನು. ಮನನೊಂದ ಮರುಭೂತಿಯು ಅಣ್ಣನ ಕ್ಷಮೆ ಬೇಡಲು ಹೋಗಿ ಕಾಲಿಗೆರಗಿದಾಗ ಆ ಬಂಡೆಯೇ ಅವನ ಮೇಲೆ ಬಿತ್ತು. ತಪ್ಪು ಮಾಡದವನು, ತಲೆ ಬಾಗಿದ ಗಳಿಗೆಯಲ್ಲಿ, ಒಡಹುಟ್ಟಿದವನ ಕೈಯಿಂದಲೇ ಸತ್ತನು. ಆರ್ತಧ್ಯಾನದಲ್ಲಿ ಪ್ರಾಣ ಬಿಟ್ಟ ಆ ಜೀವವು ಸಲ್ಲಕೀ ವನದಲ್ಲಿ ವಜ್ರಘೋಷವೆಂಬ ಮದ್ದಾನೆಯಾಗಿ ಹುಟ್ಟಿತು.

ಇಲ್ಲಿ ತುಸು ನಿಲ್ಲಬೇಕು. ಅಷ್ಟು ಸೌಮ್ಯನಾಗಿದ್ದವನು ಕಂಡಕಂಡವರನ್ನು ತುಳಿಯುವ ಆನೆಯಾದನೇಕೆ? ಅವನು ಹೊತ್ತು ತಂದದ್ದು ಅಣ್ಣನ ಪಾಪವನ್ನಲ್ಲ, ತನ್ನ ಕೊನೆಯ ಗಳಿಗೆಯ ಸಂಕಟವನ್ನು. ಯಾರು ಹೊಡೆದರೆಂಬುದು ಆ ಆನೆಗೆ ತಿಳಿದಿರಲಿಲ್ಲ. ಹೊಡೆತದ ಕಾವು ಮಾತ್ರ ಉಳಿದಿತ್ತು. ಅಷ್ಟರಲ್ಲಿ ಮುನಿಯಾಗಿದ್ದ ಅರವಿಂದನು ಯಾತ್ರಿಕರ ಸಂಘದೊಡನೆ ಸಮ್ಮೇದಗಿರಿಗೆ ಹೊರಟು ಆ ವನದಲ್ಲಿ ಪ್ರತಿಮಾಯೋಗದಲ್ಲಿ ನಿಂತಿದ್ದನು. ಕೊಲ್ಲಲೆಂದು ನುಗ್ಗಿದ ಆನೆಗೆ ಮುನಿಯ ಎದೆಯ ಶ್ರೀವತ್ಸ ಲಾಂಛನ ಕಂಡಿತು. ಜಾತಿಸ್ಮರಣೆಯಾಯಿತು. ಎತ್ತಿದ ಸೊಂಡಿಲು ಇಳಿಯಿತು.

ಅಂದಿನಿಂದ ಆನೆಯು ಶ್ರಾವಕವ್ರತ ಹಿಡಿಯಿತು. ಬೇರೆ ಆನೆಗಳು ಮುರಿದೊಗೆದ ಕೊಂಬೆ, ಒಣಗಿದ ಎಲೆ, ಅವು ಕಲಕಿ ಪ್ರಾಸುಕವಾದ ನೀರು, ಇಷ್ಟೇ ಅದರ ಆಹಾರ. ಸೊರಗಿದ ದೇಹವು ಒಂದು ದಿನ ವೇಗವತೀ ನದಿಯ ಕೆಸರಿನಲ್ಲಿ ಹೂತುಹೋಯಿತು. ಕುಕ್ಕುಟಸರ್ಪವಾಗಿ ಹುಟ್ಟಿದ್ದ ಕಮಠನು ಅಲ್ಲಿಗೂ ಬಂದು ಕಚ್ಚಿದನು. ಕೊಂದವನು ಅದೇ ಜೀವ, ಸತ್ತದ್ದೂ ಅದೇ ಜೀವ. ಅನ್ಯಾಯವೂ ಮೊದಲಿನಷ್ಟೇ ದೊಡ್ಡದು. ಆದರೆ ಈ ಸಲ ಸಮಭಾವದಲ್ಲಿ ದೇಹ ಬಿಟ್ಟ ಮರುಭೂತಿಯ ಜೀವವು ಸಹಸ್ರಾರ ಕಲ್ಪದಲ್ಲಿ ದೇವನಾಯಿತು.

ಹಾಗಾದರೆ ಹಿಂದಿನದನ್ನು ನೆನೆದರೆ ಸಾಕೇ? ಸಾಲದು. ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯು ತಿರ್ಯಂಚ ಜೀವಗಳಿಗೂ ಜಾತಿಸ್ಮರಣೆಯು ಸಮ್ಯಗ್ದರ್ಶನಕ್ಕೆ ನಿಮಿತ್ತವಾಗಬಲ್ಲದು ಎನ್ನುತ್ತದೆ. ಅದೇ ಗ್ರಂಥವು ನಾರಕಿಗಳು ವಿಭಂಗಜ್ಞಾನದಿಂದ ಪೂರ್ವವೈರವನ್ನು ಅರಿತು ಒಬ್ಬರನ್ನೊಬ್ಬರು ಸೀಳುವುದನ್ನೂ ಹೇಳುತ್ತದೆ. ಅರಿವಿಗೆ ಬರುವುದು ಎರಡೂ ಕಡೆ ಹಿಂದಿನ ಭವವೇ. ಮಿಥ್ಯಾತ್ವ ಮತ್ತು ಕಷಾಯಗಳು ಕೂಡಿದಲ್ಲಿ ಗಾಯ ಮತ್ತೆ ಬಿರಿಯುತ್ತದೆ, ಉಪಶಮವಿದ್ದಲ್ಲಿ ಮಾಯುತ್ತದೆ. ಹಣ ಪಡೆದು ಪೂರ್ವಜನ್ಮವನ್ನು ತೋರಿಸುತ್ತೇವೆನ್ನುವವರ ಬಳಿಗೆ ಹೋಗುವವರು ಈ ಭೇದವನ್ನು ಅರಿಯಬೇಕು.

ಗೊಮ್ಮಟಸಾರವಂತೂ ಕಷಾಯದ ವಾಸನಾಕಾಲವನ್ನೇ ಅಳೆದಿದೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ 6 ತಿಂಗಳು. ಅದನ್ನೂ ಮೀರಿ ಉಳಿದದ್ದು ಅನಂತಾನುಬಂಧಿ. ಭವಗಳನ್ನು ದಾಟುವುದು ಅದೇ. ಸಂಜೆಯ ಪ್ರತಿಕ್ರಮಣ, ವರ್ಷಕ್ಕೊಮ್ಮೆಯ ಕ್ಷಮಾವಾಣಿಗಳನ್ನು ಈ ಲೆಕ್ಕದ ಜೊತೆಗಿಟ್ಟು ನೋಡಿದರೆ ಅವು ಬರಿಯ ಆಚಾರವಾಗಿ ಕಾಣುವುದಿಲ್ಲ.

ನೊಂದವರಿಗೆ ‘ನಿನ್ನ ಕರ್ಮ, ಅನುಭವಿಸು’ ಎನ್ನುವ ರೂಢಿಗೆ ಮಾತ್ರ ಈ ಕಥೆಯಲ್ಲಿ ಆಧಾರವಿಲ್ಲ. ಅರವಿಂದ ಮುನಿಯು ಆನೆಗೆ ಹಾಗೆ ಹೇಳಿ ಅಟ್ಟಲಿಲ್ಲ, ಬೆದರಿ ಓಡಲೂ ಇಲ್ಲ. ಅಲುಗದೆ ನಿಂತು, ಧರ್ಮವನ್ನು ತಿಳಿಸಿದನು. ಭಯದಿಂದ ನಿದ್ದೆಗೆಟ್ಟವರನ್ನು ಮನೆಯವರು ವೈದ್ಯರಲ್ಲಿಗೆ ಕರೆದೊಯ್ಯುವುದಕ್ಕೂ ಕರ್ಮಸಿದ್ಧಾಂತ ಅಡ್ಡಿಯಲ್ಲ.

ಕಮಠನ ಜೀವವಾದರೋ ಹಾವಾಗಿ, ಬೇಡನಾಗಿ, ಸಿಂಹವಾಗಿ ಕೊಲ್ಲುತ್ತಲೇ ಬಂದು ಕೊನೆಗೆ ಶಂಬರನೆಂಬ ದೇವನಾಯಿತು. ಧ್ಯಾನಸ್ಥ ಪಾರ್ಶ್ವನಾಥರ ನೆತ್ತಿಯ ಮೇಲೆ ವಿಮಾನ ತಡೆದು ನಿಂತಾಗ ವಿಭಂಗಜ್ಞಾನದಿಂದ ಹಳೆಯ ಹಗೆಯನ್ನು ಕಂಡು 7 ದಿನ ಉಪಸರ್ಗ ನಡೆಸಿತು. ಧರಣೇಂದ್ರನು ಹೆಡೆ ಬಿಚ್ಚಿದನು. ಭಗವಂತರಿಗೆ ಕೇವಲಜ್ಞಾನವಾಯಿತು. ಆಗ ಶಂಬರನೂ ಶಾಂತನಾಗಿ ಸಮ್ಯಕ್ತ್ವವನ್ನು ಪಡೆದನೆಂದು ಉತ್ತರಪುರಾಣ ಹೇಳುತ್ತದೆ.