ಮಳೆ ಕಳಿಸಿದ ಗಾಳಿ

ಹಿರಿಯೂರು ಕಡೆಯ ರೈತರೊಬ್ಬರು ಬರೆದಿದ್ದಾರೆ: “ಭರಣಿ ಮಳೆಯ ದಿನಗಳು. ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿತು, ಗುಡುಗಿತು. ತಣ್ಣನೆ ಗಾಳಿ ಬೀಸಿತು, ಮಣ್ಣಿನ ವಾಸನೆಯೂ ಬಂತು. ಇನ್ನೇನು ಸುರಿಯುತ್ತದೆ ಎಂದು ಮೇವು, ಸೌದೆ ಎಲ್ಲ ಒಳಗೆ ಎಳೆದುಕೊಂಡೆವು. ನಾಲ್ಕು ಹನಿ ಬಿದ್ದು ನಿಂತುಹೋಯಿತು. ಗಾಳಿ ಮಳೆಯನ್ನು ಹೊತ್ತುಕೊಂಡು ಹೋಯಿತು. ಗುಡ್ಡದ ಮೇಲೆ ಫ್ಯಾನುಗಳು ಬಂದ ಮೇಲೆ ಹೀಗಾಗುತ್ತಿದೆ ಎಂದು ಊರಿನವರೆಲ್ಲ ಹೇಳುತ್ತಾರೆ. ನಿಜವೇ?”

ಫ್ಯಾನುಗಳ, ಅಂದರೆ ಗಾಳಿಯಂತ್ರಗಳ, ಮೇಲಿನ ಆರೋಪ ಸುಳ್ಳು. ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಗಾಳಿ ಮಳೆಯನ್ನು ಹೊತ್ತುಕೊಂಡು ಹೋಯಿತು ಎಂಬ ಮಾತಿನಲ್ಲಿ ಅರ್ಧದಷ್ಟು ಸತ್ಯವಿದೆ. ಬೇಸಿಗೆಯ ಮಳೆಯ ಬಗ್ಗೆ ನಾನು ಓದಿದ್ದರಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದ ಸಂಗತಿ ಆ ಅರ್ಧದಲ್ಲೇ ಅಡಗಿದೆ.

ಮಳೆಗೆ ಮುಂಚೆ ಬರುವ ಆ ತಂಪು ಗಾಳಿ ಎಲ್ಲಿಯದು? ಗಾಳಿ ಮೋಡವನ್ನು ತಳ್ಳಿಕೊಂಡು ಬರುತ್ತದೆ, ಮೋಡ ಬಂದು ಮಳೆ ಸುರಿಸುತ್ತದೆ ಎಂದೇ ನಾವು ಚಿಕ್ಕಂದಿನಿಂದ ನಂಬಿದ್ದೇವೆ. ಮೊದಲು ಗಾಳಿ, ಆಮೇಲೆ ಮಳೆ ಬರುವುದರಿಂದ ಹಾಗೆ ನಂಬುವುದು ಸಹಜ. ನಡೆಯುವುದು ಮಾತ್ರ ತಿರುಗುಮುರುಗು. ನಿಮ್ಮ ಮುಖಕ್ಕೆ ತಾಗಿದ ತಂಪು, ಹತ್ತು ಹದಿನೈದು ಕಿಲೋಮೀಟರ್ ಆಚೆ ಆಗಲೇ ಸುರಿಯುತ್ತಿರುವ ಮಳೆ ಹುಟ್ಟಿಸಿದ್ದು. ಮಳೆಯೇ ಗಾಳಿಯನ್ನು ಮುಂದಾಗಿ ಕಳಿಸಿದೆ.

ಏಪ್ರಿಲ್ ಮೇ ತಿಂಗಳ ಮಳೆಮೋಡ ಬೆಳೆಯುವುದು ಎಲ್ಲರಿಗೂ ಗೊತ್ತಿರುವಂತೆಯೇ: ನೆಲ ಕಾಯುತ್ತದೆ, ಸಮುದ್ರದ ಕಡೆಯಿಂದ ಬಂದ ತೇವದ ಗಾಳಿ ಮೇಲೇರುತ್ತದೆ, ತಣಿದು ಹನಿಗಟ್ಟುತ್ತದೆ. ಮೋಡದ ತಲೆ ಹನ್ನೆರಡು ಹದಿನಾಲ್ಕು ಕಿಲೋಮೀಟರ್ ಎತ್ತರಕ್ಕೆ ಹೋಗುವುದು ನಮ್ಮಲ್ಲಿ ಅಪರೂಪವೇನಲ್ಲ. ಈ ಹಂತದಲ್ಲಿ ಎಲ್ಲ ಗಾಳಿಯೂ ಮೇಲ್ಮುಖ. ತಿರುವು ಬರುವುದು ಹನಿಗಳೂ ಆಲಿಕಲ್ಲುಗಳೂ ಹೊರಲಾರದಷ್ಟು ಭಾರವಾದಾಗ. ಅವು ಬೀಳುವಾಗ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಬೀಳುತ್ತವೆ. ಮೋಡದ ತಳ ದಾಟಿದ ಕೂಡಲೇ ಒಣಗಾಳಿ ಸಿಗುತ್ತದೆ. ಅಲ್ಲಿ ಹನಿಗಳು ಆವಿಯಾಗತೊಡಗುತ್ತವೆ. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಹತ್ತಿರ ಹತ್ತಿರ 600 ಕ್ಯಾಲೊರಿ ಶಾಖ ಬೇಕು, ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಮಣ್ಣಿನ ಮಡಕೆಯ ಮೈ ಬೆವರಿ ಒಳಗಿನ ನೀರು ತಣ್ಣಗಾಗುವುದೂ ಇದೇ ಲೆಕ್ಕದಲ್ಲಿ. ಹತ್ತು ಡಿಗ್ರಿ ತಣಿದ ಗಾಳಿ ಸುತ್ತಲಿನ ಬಿಸಿಗಾಳಿಗಿಂತ ನೂರಕ್ಕೆ ಮೂರು ಪಾಲು ಭಾರ. ಕೇಳಲು ಅಲ್ಪ, ಆದರೆ ಒಂದೆರಡು ಕಿಲೋಮೀಟರ್ ಎತ್ತರದಿಂದ ಅಷ್ಟೂ ಗಾಳಿ ಕೆಳಗಿಳಿಯುವಾಗ ಅದರ ವೇಗ ಅಲ್ಪವಲ್ಲ. ನೆಲ ಮುಟ್ಟಿದ ಮೇಲೆ ಇಳಿಯಲು ಜಾಗವಿಲ್ಲ. ಹಾಗಾಗಿ ಅಡ್ಡಡ್ಡಲಾಗಿ ಸುತ್ತಲೂ ಹರಡುತ್ತದೆ. ಹೀಗೆ ಹರಡುವ ತಂಪಿನ ಮುಂಚೂಣಿಯೇ ಗಸ್ಟ್ ಫ್ರಂಟ್.

ಬಯಲಿನಲ್ಲಿ ನಿಂತರೆ ಅದು ಬರುವುದು ಕಾಣುವುದಿಲ್ಲ. ದೂಳೆದ್ದಾಗ ಮಾತ್ರ ಸುಳಿವು ಸಿಗುತ್ತದೆ. ದೊಡ್ಡ ನೀರಿನ ದಡದಲ್ಲಿ ನಿಂತರೆ ಗಾಳಿಯೇ ಕಣ್ಣಿಗೆ ಕಾಣುತ್ತದೆ. ಈ ಪ್ರಶ್ನೆ ಬರೆದವರಿಗೆ ಅಂಥ ಜಾಗ ಹತ್ತಿರದಲ್ಲೇ ಇದೆ: ಮಾರಿಕಣಿವೆ. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು 1907ರಲ್ಲಿ ಮುಗಿಸಿದ ವಾಣಿ ವಿಲಾಸ ಸಾಗರ. ಕಟ್ಟೆಯ ಹಿಂದೆ ಹೊಸದುರ್ಗದ ಕಡೆಗೆ ನೀರು ಹರಡಿಕೊಂಡಿರುವ ನೋಟ ಬಯಲುಸೀಮೆಯವರ ಕಣ್ಣಿಗೆ ಸಮುದ್ರವೇ. ಬೇಸಿಗೆಯ ಒಂದು ಸಂಜೆ ಅಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ನೈಋತ್ಯದಲ್ಲಿ ಮೋಡ ಕಪ್ಪಾಗಿತ್ತು, ಅದರ ಕೆಳಗೆ ಮಳೆಯ ಬೂದು ಪರದೆ ಇಳಿಬಿದ್ದಿತ್ತು. ನಮ್ಮ ಕಡೆ ಎಲೆಯೂ ಅಲುಗುತ್ತಿರಲಿಲ್ಲ, ಸೆಕೆಗೆ ಅಂಗಿ ಮೈಗಂಟಿತ್ತು, ನೀರು ನಿಶ್ಚಲವಾಗಿ ಹೊಳೆಯುತ್ತಿತ್ತು. ಆಮೇಲೆ ಆಚೆ ದಡದಲ್ಲಿ ನೀರಿನ ಮೇಲೆ ಒಂದು ಕಪ್ಪು ಗೆರೆ ಮೂಡಿತು. ಗೆರೆ ಅಗಲವಾಯಿತು, ಹತ್ತಿರ ಬಂತು. ಅದರ ಹಿಂದಿನ ನೀರೆಲ್ಲ ಒರಟು, ಮುಂದಿನದೆಲ್ಲ ನಯ. ಸಣ್ಣ ಅಲೆಗಳೆದ್ದ ನೀರು ಆಕಾಶದ ಬೆಳಕನ್ನು ನಮ್ಮತ್ತ ನೇರವಾಗಿ ಕಳಿಸದೆ ಚದುರಿಸಿಬಿಡುತ್ತದೆ. ಕಪ್ಪಾಗಿ ಕಾಣುವುದು ಅದಕ್ಕೇ. ಮೀನಿನ ಬಲೆ ಬಿಟ್ಟಿದ್ದವನೊಬ್ಬ ಆ ಗೆರೆ ನೋಡಿದವನೇ ಹರಿಗೋಲನ್ನು ದಡಕ್ಕೆ ತಿರುಗಿಸಿದ. ಅವನು ದಡ ಸೇರಿದ್ದೇ ತಡ, ತಂಪು ನಮ್ಮ ಮೇಲೆ ಬಂದು ಬಿತ್ತು. ಅಷ್ಟು ಹೊತ್ತಿಗೆ ತಲೆಯ ಮೇಲಿನ್ನೂ ಒಂದು ಹನಿಯೂ ಬಿದ್ದಿರಲಿಲ್ಲ.

ಈ ಇಳಿಗಾಳಿಯ ವಿಚಾರ ವಿಜ್ಞಾನಕ್ಕೆ ದಕ್ಕಿದ ಬಗೆಯೂ ಸೊಗಸಾಗಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ ಫ್ಲೋರಿಡಾದಲ್ಲಿ, 1947ರಲ್ಲಿ ಒಹಾಯೊದಲ್ಲಿ, ಹೊರೇಸ್ ಬೈಯರ್ಸ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಯುದ್ಧವಿಮಾನಗಳನ್ನು ಗುಡುಗುಮೋಡಗಳ ಒಳಕ್ಕೇ ನುಗ್ಗಿಸಿದರು. ಬೇರೆ ಬೇರೆ ಎತ್ತರದಲ್ಲಿ ಒಂದರ ಮೇಲೊಂದು ವಿಮಾನ, ಎಲ್ಲವೂ ಒಂದೇ ಮೋಡದಲ್ಲಿ. ಪ್ರತಿ ಮೋಡಕ್ಕೂ ಮೂರು ಅವಸ್ಥೆಗಳಿವೆ ಎಂದು ತಿಳಿದದ್ದು ಆಗ: ಮೊದಲು ಬರೀ ಏರುಗಾಳಿ, ನಡುವೆ ಏರುಗಾಳಿ ಇಳಿಗಾಳಿ ಎರಡೂ, ಕೊನೆಗೆ ಬರೀ ಇಳಿಗಾಳಿ. ಆಮೇಲೆ ಮೋಡ ಕರಗುತ್ತದೆ.

ಅದೇ ಹೊತ್ತಿನಲ್ಲಿ ಜಪಾನಿನ ಕ್ಯೂಶು ದ್ವೀಪದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ತೆತ್ಸುಯಾ ಫುಜಿತಾ ಎಂಬ ಯುವಕ ಸೆಬುರಿ ಬೆಟ್ಟದ ಮೇಲೆ ಗುಡುಗುಮಳೆಯೊಂದನ್ನು ಅಳೆದಿದ್ದರು. ಅವರ ಬಳಿ ವಿಮಾನವೂ ಇರಲಿಲ್ಲ, ಹಣವೂ ಇರಲಿಲ್ಲ. ಗಾಳಿ ಮತ್ತು ಒತ್ತಡದ ದಾಖಲೆಗಳಿಂದಷ್ಟೇ, ಮೋಡದೊಳಗಿಂದ ಗಾಳಿ ಕೆಳಕ್ಕೆ ಬೀಳುತ್ತಿದೆ ಎಂದು ಲೆಕ್ಕ ಹಾಕಿದರು. ಅದೇ ಬೆಟ್ಟದಲ್ಲಿದ್ದ ಅಮೆರಿಕನ್ ರಡಾರ್ ಠಾಣೆಯ ಕಸದಲ್ಲಿ ಬೈಯರ್ಸ್ ಅವರ ಪ್ರಬಂಧವೊಂದು ಸಿಕ್ಕಿ, ಹೇಗೋ ಫುಜಿತಾರ ಕೈಗೆ ಬಂತು. ಓದಿ ನೋಡಿದರೆ ತಮ್ಮದೇ ವಿಷಯ! ತಮ್ಮ ಲೇಖನವನ್ನು ಇಂಗ್ಲಿಷಿಗೆ ತಿರುಗಿಸಿ, ಟೈಪ್ ಮಾಡಿ, ಬೈಯರ್ಸ್‌ಗೆ ಅಂಚೆಯಲ್ಲಿ ಕಳಿಸಿದರು. ಅಷ್ಟೊಂದು ವಿಮಾನ ಹಾರಿಸಿ ಕಂಡುಕೊಂಡದ್ದನ್ನು ಒಬ್ಬನೇ ಬೆಟ್ಟದ ಮೇಲೆ ಕೂತು ಕಂಡುಕೊಂಡಿದ್ದಾನೆಂದು ಬೈಯರ್ಸ್‌ಗೆ ಮನವರಿಕೆಯಾಯಿತು. 1953ರಲ್ಲಿ ಫುಜಿತಾ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದರು. ಸುಂಟರಗಾಳಿಗಳ ತೀವ್ರತೆಯನ್ನು ಅಳೆಯುವ ಪ್ರಸಿದ್ಧ ಮಾಪಕಕ್ಕೆ ಇರುವುದು ಇವರದೇ ಹೆಸರು.

ಆ ಇಳಿಗಾಳಿ ಅವರನ್ನು ಬಿಡಲಿಲ್ಲ. 1975ರ ಜೂನ್ 24ರಂದು ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಗುಡುಗುಮಳೆಯ ನಡುವೆ ಇಳಿಯುತ್ತಿದ್ದ ಬೋಯಿಂಗ್ 727 ರನ್‌ವೇ ತಲುಪುವ ಮುಂಚೆಯೇ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಸ್ವಲ್ಪ ಮುಂಚೆ ಬಂದ ವಿಮಾನಗಳು ಕ್ಷೇಮವಾಗಿ ಇಳಿದಿದ್ದವು. ದಾಖಲೆಗಳನ್ನು ಹರಡಿಕೊಂಡು ಕೂತ ಫುಜಿತಾರಿಗೆ ಎರಡು ಹಳೆಯ ದೃಶ್ಯಗಳು ನೆನಪಾದವು. 1945ರಲ್ಲಿ ಬಾಂಬು ಬಿದ್ದ ಕೆಲವೇ ವಾರಗಳ ನಂತರ ಹಿರೋಷಿಮಾ ನಾಗಸಾಕಿಗಳಿಗೆ ಹೋದಾಗ, ಸ್ಫೋಟದ ಕೇಂದ್ರದಿಂದ ಹೊರಮುಖವಾಗಿ ಸುತ್ತಲೂ ಮಲಗಿದ್ದ ಮರಗಳನ್ನು ಅವರು ಕಂಡಿದ್ದರು. 1974ರಲ್ಲಿ ಸುಂಟರಗಾಳಿಗಳ ಹಾನಿಯನ್ನು ವಿಮಾನದಿಂದ ನೋಡುವಾಗ ವೆಸ್ಟ್ ವರ್ಜೀನಿಯಾದ ಕಾಡೊಂದರಲ್ಲೂ ಮರಗಳು ಹಾಗೆಯೇ ಮಲಗಿದ್ದವು. ಸುಂಟರಗಾಳಿಯಾಗಿದ್ದರೆ ಮರಗಳು ಸುತ್ತಿಕೊಂಡಂತೆ ಬೀಳಬೇಕಿತ್ತು. ಇಲ್ಲಿ ಮೇಲಿನಿಂದ ಏನೋ ನೆಲಕ್ಕಪ್ಪಳಿಸಿ ಹರಡಿದ ಗುರುತು. ವಿಮಾನವನ್ನು ಕೆಡವಿದ್ದೂ ಇಂಥ ಇಳಿಗಾಳಿಯೇ ಎಂದು ಫುಜಿತಾ ಹೇಳಿದಾಗ ಅನೇಕ ಹವಾಮಾನ ತಜ್ಞರು ಒಪ್ಪಲಿಲ್ಲ. 1978ರಲ್ಲಿ ಇಲಿನಾಯ್‌ನಲ್ಲಿ ಡಾಪ್ಲರ್ ರಡಾರ್ ಇಟ್ಟು ಕಾದರು, ಇಳಿಗಾಳಿ ಸಿಕ್ಕಿಬಿತ್ತು. ಇಂದು ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಅದನ್ನು ಹಿಡಿದು ಎಚ್ಚರಿಸುವ ಉಪಕರಣಗಳಿವೆ. ಕಸದಲ್ಲಿ ಸಿಕ್ಕ ಪ್ರಬಂಧದಿಂದ ಇಲ್ಲಿಯವರೆಗಿನ ದಾರಿಯನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಇನ್ನು ನಮ್ಮ ರೈತರ ನಾಲ್ಕು ಹನಿಗೆ ಬರೋಣ. ಗಾಳಿ ಬಂದು ಮಳೆ ಬಾರದಿರಲು ಮುಖ್ಯವಾಗಿ ಎರಡು ಕಾರಣಗಳಿವೆ. ಮಲೆನಾಡಿನಲ್ಲಿ ಗಾಳಿಯಲ್ಲೇ ತೇವವಿರುವುದರಿಂದ ಮೋಡದ ತಳ ತಗ್ಗಿನಲ್ಲಿರುತ್ತದೆ. ಹಿರಿಯೂರು, ಚಳ್ಳಕೆರೆಯ ಬಯಲಿನಲ್ಲಿ ಬೇಸಿಗೆಯ ಮಧ್ಯಾಹ್ನ ಅದು ಎರಡು ಕಿಲೋಮೀಟರ್‌ಗೂ ಮೇಲಕ್ಕೆ ಹೋಗಬಹುದು. ಅಷ್ಟು ಎತ್ತರದಿಂದ ಒಣಗಾಳಿಯಲ್ಲಿ ಬೀಳುವ ಹನಿಗಳಲ್ಲಿ ಬಹುಪಾಲು ದಾರಿಯಲ್ಲೇ ಆವಿಯಾಗುತ್ತವೆ. ದೂರದಿಂದ ನೋಡಿದರೆ ಮಳೆಯ ಪರದೆ ನೆಲ ಮುಟ್ಟದೆ ನಡುವಿನಲ್ಲೇ ಹರಿದು ನಿಂತಿರುತ್ತದೆ. ಎಷ್ಟು ಹೆಚ್ಚು ನೀರು ಆವಿಯಾಗುತ್ತದೋ ಅಷ್ಟು ಹೆಚ್ಚು ತಂಪು, ಅಷ್ಟು ಜೋರು ಗಾಳಿ. ನಿಮ್ಮ ಮೈಗೆ ಹಿತವಾದ ಆ ತಂಪಿಗೆ ಬೆಲೆ ತೆತ್ತಿದ್ದು ನಿಮ್ಮ ಹೊಲಕ್ಕೆ ಬೀಳಬೇಕಿದ್ದ ಮಳೆಯೇ.

ಎರಡನೆಯದು ಇನ್ನೂ ವಿಸ್ಮಯದ್ದು. ಮೋಡ ಬದುಕುವುದು ತನ್ನ ಮುಂದಿನ ನೆಲದ ಬಿಸಿಯಾದ ತೇವದ ಗಾಳಿಯನ್ನು ಒಳಗೆಳೆದುಕೊಂಡು. ತಂಪು ಗಾಳಿ ಗಂಟೆಗೆ ನಲವತ್ತು ಐವತ್ತು ಕಿಲೋಮೀಟರ್ ವೇಗದಲ್ಲಿ ಮೋಡವನ್ನೇ ಹಿಂದಿಕ್ಕಿ ಓಡಿದರೆ, ಆ ಬಿಸಿಗಾಳಿಗೂ ಮೋಡಕ್ಕೂ ನಡುವೆ ಅಡ್ಡ ಬಂದು ನಿಲ್ಲುತ್ತದೆ. ಆಹಾರ ಬರುವ ದಾರಿ ಮುಚ್ಚಿತು, ಏರುಗಾಳಿ ನಿಂತಿತು. ಅರ್ಧ ಗಂಟೆಯಲ್ಲಿ ಅಷ್ಟು ದೊಡ್ಡ ಮೋಡ ಸಡಿಲಾಗಿ ಚದುರಿಹೋಗುತ್ತದೆ. ಆದ್ದರಿಂದ ಗಾಳಿ ಮಳೆಯನ್ನು ಹೊತ್ತುಕೊಂಡು ಹೋಗಲಿಲ್ಲವಾದರೂ, ಗಾಳಿಯಿಂದ ಮಳೆ ಕೆಟ್ಟಿತು ಎಂಬ ಹಿರಿಯರ ಗಮನಿಕೆ ಸರಿಯಾಗಿಯೇ ಇದೆ. ಆ ಗಾಳಿ ಮೋಡದ್ದೇ ಎಂಬುದೊಂದು ಅವರಿಗೆ ತಿಳಿದಿರಲಿಲ್ಲ.

ಹಾಗಾದರೆ ಫ್ಯಾನು? ಅವು ಮೋಡವನ್ನು ದೂಡುತ್ತವೆ ಎಂಬ ಮಾತು ಚಿತ್ರದುರ್ಗದಲ್ಲೂ ಗದಗದಲ್ಲೂ ಕೇಳಿದ್ದೇನೆ. ವಿದ್ಯಾವಂತರೂ ಹೇಳುತ್ತಾರೆ ಎಂಬುದು ನನಗೆ ಬೇಸರದ ಸಂಗತಿ, ಏಕೆಂದರೆ ಲೆಕ್ಕ ಸುಲಭ. ಗಾಳಿಯಂತ್ರದ ಕಂಬ ನೂರು ಮೀಟರ್ ಆಸುಪಾಸು. ಮೋಡದ ತಳವೇ ಅದರ ಇಪ್ಪತ್ತು ಪಟ್ಟು ಎತ್ತರದಲ್ಲಿದೆ. ಫ್ಯಾನು ಗಾಳಿಯನ್ನು ಹುಟ್ಟಿಸುವುದೂ ಇಲ್ಲ, ಬೀಸುವ ಗಾಳಿಯಿಂದ ಸ್ವಲ್ಪ ಶಕ್ತಿಯನ್ನು ತೆಗೆದುಕೊಳ್ಳುತ್ತದೆ. ಇನ್ನು ಬಲಾಬಲ ನೋಡಿ. ಹತ್ತು ಚದರ ಕಿಲೋಮೀಟರ್ ಜಾಗಕ್ಕೆ ಒಂದು ಸೆಂಟಿಮೀಟರ್ ಮಳೆ ಸುರಿಸುವ ಸಾಧಾರಣ ಮೋಡವೊಂದರಲ್ಲಿ ಆವಿ ನೀರಾಗುವಾಗ ಬಿಡುಗಡೆಯಾಗುವ ಶಾಖ ಸುಮಾರು 7 ಕೋಟಿ ಯೂನಿಟ್ ವಿದ್ಯುತ್ತಿಗೆ ಸಮ. ಎರಡು ಮೆಗಾವಾಟ್‌ನ ಒಂದು ಗಾಳಿಯಂತ್ರ ವರ್ಷವಿಡೀ ತಿರುಗಿ ಕೊಡುವುದು ಹೆಚ್ಚುಕಡಿಮೆ 44 ಲಕ್ಷ ಯೂನಿಟ್. ಒಂದು ಸಂಜೆಯ ಆ ಮೋಡವನ್ನು ಸರಿಗಟ್ಟಲು ಫ್ಯಾನು ಹದಿನಾರು ವರ್ಷ ತಿರುಗಬೇಕು. ಗಾಳಿಯಂತ್ರದ ಕಂಪನಿಗಳ ಮೇಲೆ ಜಮೀನಿನ ವಿಷಯಕ್ಕೆ, ಗುಡ್ಡ ಕಡಿದ ವಿಷಯಕ್ಕೆ ತಕರಾರಿದ್ದರೆ ಅದನ್ನು ಎತ್ತಿ ಹೇಳೋಣ. ಮಳೆಯ ಹೆಸರಿನಲ್ಲಿ ಹೇಳಿದರೆ ನಿಜವಾದ ತಕರಾರಿನ ತೂಕವೂ ಹೋಗುತ್ತದೆ. ಇಲ್ಲಿನ ಜನರ ಸಂಕಟ ನನಗೆ ಅರ್ಥವಾಗುತ್ತದೆ. 1933ರಲ್ಲಿ ತುಂಬಿದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಅಂಥ ಸೀಮೆಯಲ್ಲಿ ತಲೆಯ ಮೇಲೆ ಬಂದ ಮೋಡ ಕೈತಪ್ಪಿದರೆ ಯಾರನ್ನಾದರೂ ದೂರಬೇಕೆನಿಸುವುದು ಸಹಜ.

ಮಣ್ಣಿನ ವಾಸನೆ ಮುಂಚೆಯೇ ಬಂದದ್ದು ಏಕೆಂದು ಈಗ ಬಿಡಿಸಿ ಹೇಳಬೇಕಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು ಅದರಲ್ಲಿ ಪ್ರಧಾನ, ನಮ್ಮ ಮೂಗು ಅದನ್ನು ಅತ್ಯಲ್ಪ ಪ್ರಮಾಣದಲ್ಲೂ ಹಿಡಿಯುತ್ತದೆ. ಆಚೆ ಊರಿನ ನೆಲ ತೋಯ್ದಾಗ ಎದ್ದದ್ದನ್ನು ಇಳಿಗಾಳಿ ನಿಮ್ಮವರೆಗೆ ತಂದಿತು, ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ಗದರದೆ ವಿಧಿಯಿಲ್ಲ. ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿದರೆ ಸಿಡಿಲು ತಟ್ಟುವುದಿಲ್ಲ ಎಂದು ಮಕ್ಕಳಿಗೆ ಕಲಿಸುತ್ತೇವೆ. ಹೆಸರು ಹೇಳುವುದರಿಂದ ಧೈರ್ಯ ಬರಬಹುದು, ಹೇಳಿಕೊಳ್ಳಲಿ. ಆದರೆ ಆ ಹೆಸರು ಹೇಳುತ್ತಾ ಬೇವಿನ ಮರದಡಿ ನಿಲ್ಲುವುದಿದೆಯಲ್ಲ, ಅದು ಪ್ರಾಣಕ್ಕೆ ಸಂಚಕಾರ. ನಮ್ಮ ಹೊಲಗಳಲ್ಲಿ, ಕುರಿಹಟ್ಟಿಗಳಲ್ಲಿ ಸಿಡಿಲಿಗೆ ಸಿಕ್ಕವರಲ್ಲಿ ಮರದಡಿ ನಿಂತವರು ಎಷ್ಟೋ ಜನ. ಮರಕ್ಕೆ ಹೊಡೆದ ಸಿಡಿಲು ಪಕ್ಕದಲ್ಲಿ ನಿಂತವರ ಮೈಗೆ ಹಾರುತ್ತದೆ. ಬಟ್ಟಬಯಲಿನಂಥ ನೀರಿನ ಮೇಲೆ ಹರಿಗೋಲಿನಲ್ಲಿ ಕೂತವನದಂತೂ ಎಲ್ಲಕ್ಕಿಂತ ಎತ್ತರದ ತಲೆ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಗುಡುಗು ಕೇಳುವಷ್ಟು ಹತ್ತಿರ ಬಂತೆಂದರೆ ಸಿಡಿಲೂ ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಬಂತೆಂದೇ ಲೆಕ್ಕ. ಪಕ್ಕಾ ಮನೆಯೊಳಗೋ ಮುಚ್ಚಿದ ವಾಹನದೊಳಗೋ ಹೋಗಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಇದೆ. ಮನೆಯಲ್ಲಿ ಒಂದು ಫೋನಿನಲ್ಲಾದರೂ ಹಾಕಿಕೊಳ್ಳಿ. ಫೋನೂ ಇಲ್ಲದ ಜಾಗದಲ್ಲಿ, ಗುಡುಗು ಕಿವಿಗೆ ಬೀಳದಿದ್ದರೂ, ಆ ತಂಪು ಗಾಳಿಯೇ ಎಚ್ಚರಿಕೆ. ಅದು ಮೈಗೆ ತಾಗಿದ ಕೂಡಲೇ ಒಳಗೆ ಹೋಗಿ.

ಹಿರಿಯೂರಿನ ಆ ರೈತರು ಮುಂದಿನ ಸಲ ಗಮನಿಸಬೇಕಾದದ್ದು ಇನ್ನೂ ಒಂದಿದೆ. ಮೋಡ ಸತ್ತರೂ ಅದು ಬಿಟ್ಟ ತಂಪು ಗಾಳಿ ಸಾಯುವುದಿಲ್ಲ, ಗಂಟೆಗಟ್ಟಲೆ ನೆಲಕ್ಕಂಟಿಕೊಂಡು ಸಾಗುತ್ತದೆ. ದಾರಿಯಲ್ಲಿ ಸಿಕ್ಕ ಬಿಸಿಗಾಳಿಯ ಅಡಿಗೆ ನುಗ್ಗಿ ಅದನ್ನು ಮೇಲಕ್ಕೆತ್ತುತ್ತದೆ, ಅಲ್ಲಿ ಹೊಸ ಮೋಡ ಹುಟ್ಟುತ್ತದೆ. ಎರಡು ಬೇರೆ ಬೇರೆ ಮಳೆಗಳ ಇಂಥ ಗಾಳಿಗಳು ಎದುರುಬದುರಾದ ಕಡೆ ಮೋಡ ಎಲ್ಲಕ್ಕಿಂತ ಜೋರಾಗಿ ಏಳುವುದನ್ನು 1970ರ ದಶಕದಲ್ಲೇ ಉಪಗ್ರಹದ ಚಿತ್ರಗಳಲ್ಲಿ ಗುರುತಿಸಿದ್ದಾರೆ. ಆ ದಿನ ನಿಮ್ಮೂರಿಗೆ ನಾಲ್ಕು ಹನಿ ಹಾಕಿ ಹೋದ ಗಾಳಿ ಎತ್ತ ಹೋಯಿತೆಂದು ನೋಡಿಟ್ಟುಕೊಳ್ಳಿ, ಆಮೇಲೆ ಆ ದಿಕ್ಕಿನ ನೆಂಟರಿಗೆ ಫೋನ್ ಮಾಡಿ ರಾತ್ರಿ ಎಂಟರ ಹೊತ್ತಿಗೆ ಅಲ್ಲೇನಾಯಿತೆಂದು ಕೇಳಿ. ಅಲ್ಲಿ ಹದ ಮಳೆಯಾಗಿದ್ದರೆ, ಅದನ್ನು ಎಬ್ಬಿಸಿದ್ದು ನಿಮ್ಮ ತಲೆಯ ಮೇಲೆ ಸತ್ತ ಮೋಡವೇ ಇರಬಹುದು.