ಅಡಿಯಿಂದ ಮುಡಿಗೆ: ಮದುವೆ ಕೇಕಿನ ಅಲಂಕಾರದ ಆಯ್ಕೆ

ಮದುವೆಯ ಕೇಕ್ ತಿನಿಸೂ ಹೌದು, ಕಟ್ಟಡವೂ ಹೌದು. ಮೂರು ಅಂತಸ್ತಿನ ಕೇಕೊಂದು ತನ್ನ ಭಾರವನ್ನು ತಾನೇ ಹೊತ್ತು, ಸಭಾಂಗಣದ ಸೆಕೆಯಲ್ಲಿ ಗಂಟೆಗಟ್ಟಲೆ ನೆಟ್ಟಗೆ ನಿಂತು, ಕೊನೆಗೆ ಎಲ್ಲರ ಕಣ್ಣೆದುರು ಚಾಕುವಿಗೆ ಒಡ್ಡಿಕೊಳ್ಳಬೇಕಾಗುತ್ತದೆ. ಆದ್ದರಿಂದ ಅದರೊಡನೆ ಬಳಸುವ ಹಲಗೆ, ಕಂಬ, ರಿಬ್ಬನ್, ಹೂವು, ಗೊಂಬೆಗಳು ಬಹುಮಟ್ಟಿಗೆ ಒಂದೋ ಭಾರವನ್ನು ಹೊರುತ್ತವೆ, ಇಲ್ಲವೇ ಹೊತ್ತದ್ದನ್ನು ಮರೆಮಾಡುತ್ತವೆ. ಕೊಳ್ಳುವವರ ಕಣ್ಣು ಮೊದಲು ತುದಿಯ ಗೊಂಬೆಯ ಮೇಲೆ ಬೀಳುವುದು ಸಹಜವಾದರೂ, ಕೇಕ್ ಕಟ್ಟುವ ಕ್ರಮವನ್ನೇ ಅನುಸರಿಸಿ ಅಡಿಯಿಂದ ಮುಡಿಗೆ ಆಯ್ಕೆ ಮಾಡುತ್ತ ಹೋಗುವುದು ವಿವೇಕದ ದಾರಿ.

ಇಂದು ಪರಿಚಿತವಾಗಿರುವ ಬಿಳಿಯ ಮದುವೆ ಕೇಕಿನ ರೂಪ ನೆಲೆಗೊಂಡದ್ದು 19ನೆಯ ಶತಮಾನದ ಬ್ರಿಟನ್ನಿನಲ್ಲಿ. 1840ರ ಫೆಬ್ರವರಿ 10ರಂದು ನಡೆದ ರಾಣಿ ವಿಕ್ಟೋರಿಯಾ ಮತ್ತು ರಾಜಕುಮಾರ ಆಲ್ಬರ್ಟ್ ಅವರ ವಿವಾಹದ ಕೇಕ್ ಸುಮಾರು 300 ಪೌಂಡ್, ಎಂದರೆ 136 ಕಿಲೋಗ್ರಾಂ ತೂಗುತ್ತಿತ್ತು. ಅದರ ಸುತ್ತಳತೆ ಸುಮಾರು 9 ಅಡಿ. ಬ್ರಿಟನ್ ದೇಶದ ಸ್ತ್ರೀರೂಪವಾದ ಬ್ರಿಟಾನಿಯಾ, ಪ್ರಾಚೀನ ರೋಮಿನ ಉಡುಪು ತೊಟ್ಟ ವಧೂವರರನ್ನು ಹರಸುವ ಪ್ರತಿಮೆ ಅದರ ಮೇಲಿದ್ದು, ವರನ ಕಾಲ ಬಳಿ ನಿಷ್ಠೆಯ ಕುರುಹಾಗಿ ನಾಯಿಯೂ ವಧುವಿನ ಕಾಲ ಬಳಿ ಜೋಡಿ ಪಾರಿವಾಳಗಳೂ ಇದ್ದವು. 1858ರಲ್ಲಿ ಅವರ ಹಿರಿಯ ಮಗಳ ಮದುವೆಯ ಹೊತ್ತಿಗೆ ಕೇಕ್ ಎತ್ತರಕ್ಕೆ ಬೆಳೆದಿತ್ತಾದರೂ, ತಳದ ಅಂತಸ್ತು ಮಾತ್ರ ನಿಜವಾದ ಕೇಕಾಗಿದ್ದು, ಮೇಲಿನದೆಲ್ಲ ಬರಿಯ ಸಕ್ಕರೆಯ ರಚನೆಯಾಗಿತ್ತು.

ಎತ್ತರವನ್ನು ಸಾಧ್ಯವಾಗಿಸಿದ ಸಾಮಗ್ರಿಗಳಲ್ಲಿ ರಾಯಲ್ ಐಸಿಂಗ್ ಮುಖ್ಯವಾದುದು. ಮೊಟ್ಟೆಯ ಬಿಳಿಭಾಗಕ್ಕೆ ನುಣ್ಣನೆಯ ಸಕ್ಕರೆ ಪುಡಿ ಸೇರಿಸಿ ಕಲಸಿದ ಈ ಲೇಪ ಒಣಗಿದಾಗ ಗಾರೆಯಂತೆ ಗಟ್ಟಿಯಾಗುವುದರಿಂದ, ಗಟ್ಟಿಮುಟ್ಟಾದ ಹಣ್ಣಿನ ಕೇಕಿಗೆ ಇದನ್ನು ಬಳಿದು ಮೇಲೆ ಪುಟ್ಟ ಕಂಬಗಳನ್ನಿಟ್ಟು ಮತ್ತೊಂದು ಅಂತಸ್ತನ್ನು ಏರಿಸಬಹುದಾಗಿತ್ತು. ಇಂದು ಹೆಚ್ಚಾಗಿ ಬಳಸುವ ಫಾಂಡೆಂಟ್, ಅಂದರೆ ಲಟ್ಟಿಸಿ ಹೊದಿಸುವ ಸಕ್ಕರೆಯ ಕಣಕ, ಒಳಗೆ ಮೆತ್ತಗೇ ಉಳಿಯುತ್ತದೆ. ಅದರ ಮೇಲೆ ನೇರವಾಗಿ ಕಂಬವಿಟ್ಟರೆ ಕಂಬ ಕುಸಿಯುತ್ತದೆ. ಈ ಕಾರಣದಿಂದ ಕೆಳಗಿನ ಕೇಕಿನೊಳಕ್ಕೆ ಡವೆಲ್ ಎಂಬ ಮರದ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿಗಳನ್ನು ತಳ ಮುಟ್ಟುವಂತೆ ಊರಿ, ಎಲ್ಲವನ್ನೂ ಒಂದೇ ಎತ್ತರಕ್ಕೆ ಕತ್ತರಿಸಿ, ಅವುಗಳ ಮೇಲೆ ತೆಳುಹಲಗೆಯ ಸಮೇತ ಮೇಲಿನ ಕೇಕನ್ನು ಇಡುತ್ತಾರೆ. ಭಾರ ಕಡ್ಡಿಗಳ ಮೂಲಕ ಹಲಗೆಗೆ ಇಳಿಯುತ್ತದೆಯೇ ಹೊರತು ಕೇಕಿಗೆ ತಾಗುವುದಿಲ್ಲ.

ಎಲ್ಲಕ್ಕಿಂತ ಕೆಳಗಿನ ಹಲಗೆಗೆ ಕೇಕ್ ಡ್ರಮ್ ಎಂದು ಹೆಸರು. ಸುಮಾರು 12 ಮಿಲಿಮೀಟರ್ ದಪ್ಪದ ಈ ಹಲಗೆ ಕೇಕಿಗಿಂತ ಎರಡರಿಂದ ನಾಲ್ಕು ಅಂಗುಲ ಅಗಲವಾಗಿದ್ದರೆ ಎತ್ತುವಾಗ ಬೆರಳುಗಳು ಅಲಂಕಾರವನ್ನು ಕೆಡಿಸುವುದಿಲ್ಲ. ಅಂತಸ್ತುಗಳ ಅಳತೆಯನ್ನೂ ಇದೇ ಹಂತದಲ್ಲಿ ನಿಶ್ಚಯಿಸಬೇಕಾಗುತ್ತದೆ: 6, 8, 10 ಅಂಗುಲದ ಮೂರು ದುಂಡನೆಯ ಕೇಕುಗಳನ್ನು ಪೇರಿಸಿದಾಗ ಪ್ರತಿಯೊಂದರ ಸುತ್ತ ಒಂದಂಗುಲದ ಅಂಚು ಮಾತ್ರ ಉಳಿಯುವುದರಿಂದ ಅಲ್ಲಿ ರಿಬ್ಬನ್ ಅಥವಾ ಸಣ್ಣ ಮಣಿಸಾಲಷ್ಟೇ ಹಿಡಿಸುತ್ತದೆ, ಹೂವಿನ ಗೊಂಚಲು ಬೇಕೆಂದರೆ 6, 10, 14 ಅಂಗುಲದಂತೆ ಅಂತರವನ್ನು ಹೆಚ್ಚಿಸಬೇಕು. ಹಲಗೆಯ ದಪ್ಪ ಅಂಚನ್ನು ಮರೆಮಾಡಲು ಸುಮಾರು 15 ಮಿಲಿಮೀಟರ್ ಅಗಲದ ರಿಬ್ಬನ್ ಸಾಕಾಗುತ್ತದೆ, ಮತ್ತು 14 ಅಂಗುಲದ ಹಲಗೆಗೆ ಸುತ್ತಳತೆ 44 ಅಂಗುಲವಾಗುವುದರಿಂದ ಕೂಡುವ ತುದಿಗೆಂದು ಒಂದೆರಡು ಅಂಗುಲ ಹೆಚ್ಚಿಗೆ ಕೊಳ್ಳಬೇಕಾಗುತ್ತದೆ. ಬೆಣ್ಣೆಯ ಕ್ರೀಮ್ ಬಳಿದ ಕೇಕಿಗೇ ರಿಬ್ಬನ್ ಸುತ್ತುವುದಾದರೆ, ಜಿಡ್ಡು ಹೀರಿ ಕಲೆಯಾಗದಂತೆ ಹಿಂಬದಿಗೆ ಮೇಣದ ಕಾಗದದ ಪಟ್ಟಿ ಇರಬೇಕು.

ಹೂವಿನ ಆಯ್ಕೆಯಲ್ಲಿ ಬಣ್ಣಕ್ಕಿಂತ ಮೊದಲು ವಿಷದ ವಿಚಾರ ಬರುತ್ತದೆ. ಬ್ರಿಟನ್ನಿನ ಮದುವೆಗಳಲ್ಲಿ ಬಹಳ ಮೆಚ್ಚುಗೆ ಪಡೆದಿರುವ ಲಿಲಿ ಆಫ್ ದ ವ್ಯಾಲಿ ಎಂಬ ಪುಟ್ಟ ಬಿಳಿ ಹೂವೂ, ಕನ್ನಡನಾಡಿನ ಹಿತ್ತಿಲುಗಳಲ್ಲಿ ಬೆಳೆಯುವ ಕಣಗಿಲೆಯೂ ಹೃದಯದ ಬಡಿತವನ್ನು ಏರುಪೇರು ಮಾಡುವ ವಿಷವನ್ನು ಹೊಂದಿರುವುದರಿಂದ ಅವು ಕೇಕಿನ ಹತ್ತಿರ ಸುಳಿಯಬಾರದು. ಗುಲಾಬಿ ತಿನ್ನಬಹುದಾದ ಹೂವೇ ಆದರೂ ಮಾರುಕಟ್ಟೆಯ ಗುಲಾಬಿಗೆ ಕೀಟನಾಶಕ ಸಿಂಪಡಿಸಿರುವ ಸಾಧ್ಯತೆಯಿದೆ. ಹೂವಿನ ತೊಟ್ಟನ್ನಾಗಲಿ ತಂತಿಯನ್ನಾಗಲಿ ಕೇಕಿಗೆ ನೇರವಾಗಿ ಚುಚ್ಚದೆ, ಪೋಸಿ ಪಿಕ್ ಎಂಬ ಮೊನಚು ತುದಿಯ ಪ್ಲಾಸ್ಟಿಕ್ ನಳಿಕೆಯನ್ನು ಊರಿ ಅದರೊಳಗೆ ನಿಲ್ಲಿಸುವುದು ಒಪ್ಪಿತ ಕ್ರಮ. ಇಂಥದೇ ಎಚ್ಚರ ಚಿನ್ನದ ಬಣ್ಣದ ಪುಡಿಗೂ ಸಲ್ಲುತ್ತದೆ: ಡಬ್ಬಿಯ ಮೇಲೆ ‘ವಿಷಕಾರಿಯಲ್ಲ’ ಎಂದು ಬರೆದ ಮಾತ್ರಕ್ಕೆ ಅದು ಆಹಾರವಾಗುವುದಿಲ್ಲ, ತಿನ್ನುವ ಭಾಗಕ್ಕೆ ‘ತಿನ್ನಲು ಯೋಗ್ಯ’ ಎಂದು ಸ್ಪಷ್ಟವಾಗಿ ನಮೂದಿಸಿದ ಪುಡಿಯನ್ನೇ ಬಳಸಬೇಕು.

ತುದಿಯ ಗೊಂಬೆ, ಅಥವಾ ಟಾಪರ್, ಕೊನೆಯಲ್ಲಿ ಬರುತ್ತದೆ. ಸಕ್ಕರೆಯ ಅಥವಾ ತೆಳು ಅಕ್ರಿಲಿಕ್ಕಿನ ಟಾಪರ್ ಯಾವ ಕೇಕಿನ ಮೇಲೂ ನಿಲ್ಲುತ್ತದೆ. ಆದರೆ ಪಿಂಗಾಣಿ ಅಥವಾ ಗಾಜಿನ ಗೊಂಬೆ ಭಾರವಾದುದರಿಂದ ಅದರಡಿಯಲ್ಲಿಯೂ ಕಡ್ಡಿಗಳನ್ನೂ ಚಿಕ್ಕ ಬಿಲ್ಲೆಯನ್ನೂ ಇಡಬೇಕಾಗುತ್ತದೆ, ಮತ್ತು ಈ ಸಂಗತಿ ಕೇಕ್ ಮಾಡುವವರಿಗೆ ಮುಂಚಿತವಾಗಿ ತಿಳಿದಿರಬೇಕು.

ಪ್ರದರ್ಶನದ ಮೇಜು ಅಲುಗದಂತಿದ್ದು, ಅದರ ಬಟ್ಟೆ ನೆಲ ಮುಟ್ಟುವಂತಿದ್ದರೆ ಕೇಕಿಗೆ ಗಾಂಭೀರ್ಯ ಬರುತ್ತದೆ. ವೇದಿಕೆಯ ಪ್ರಖರ ದೀಪಗಳ ನೇರ ಕಾವಿನಿಂದ ಅದು ದೂರವಿರಬೇಕು. ಚರ್ಚಿನ ವಿಧಿಗಳ ನಂತರ ಆರತಕ್ಷತೆಯಲ್ಲಿ ಕೇಕ್ ಕತ್ತರಿಸಿ ಟೋಸ್ಟ್ ಹೇಳುವ ರೂಢಿಯಿರುವ ಮಂಗಳೂರಿನ ಕಡೆ ಈ ಮಾತಿಗೆ ಹೆಚ್ಚಿನ ಬೆಲೆಯಿದೆ, ಏಕೆಂದರೆ ಸಕ್ಕರೆ ಗಾಳಿಯ ತೇವವನ್ನು ಹೀರುವ ವಸ್ತುವಾದುದರಿಂದ ಕರಾವಳಿಯ ಹವೆಯಲ್ಲಿ ಫಾಂಡೆಂಟ್ ಬೆವರುತ್ತದೆ, ಬೆಣ್ಣೆಯ ಕ್ರೀಮ್ ಸಡಿಲಗೊಳ್ಳುತ್ತದೆ.

ಚಾಕು ಕೂಡ ಅಲಂಕಾರದ ಭಾಗವೇ. 1947ರ ನವೆಂಬರ್ 20ರಂದು ರಾಜಕುಮಾರಿ ಎಲಿಜಬೆತ್ ಮತ್ತು ಫಿಲಿಪ್ ಅವರ ವಿವಾಹದಲ್ಲಿ 9 ಅಡಿ ಎತ್ತರದ, ನಾಲ್ಕು ಅಂತಸ್ತಿನ ಕೇಕನ್ನು, ದೊರೆ ಆರನೆಯ ಜಾರ್ಜ್ ಮದುವೆಯ ಉಡುಗೊರೆಯಾಗಿ ಕೊಟ್ಟ ಖಡ್ಗದಿಂದ ಕತ್ತರಿಸಲಾಯಿತು. ಅದಕ್ಕೆ ಕೆಲವೇ ವರ್ಷಗಳ ಹಿಂದೆ, ಯುದ್ಧಕಾಲದ ಬ್ರಿಟನ್ನಿನಲ್ಲಿ ಐಸಿಂಗಿಗೆ ನಿಷೇಧವಿದ್ದುದರಿಂದ, ಸಾಮಾನ್ಯರ ಮದುವೆಗಳಲ್ಲಿ ರಟ್ಟಿನ ಹುಸಿ ಕೇಕನ್ನು ಬಾಡಿಗೆಗೆ ತಂದು ಚಿಕ್ಕ ನಿಜ ಕೇಕಿನ ಮೇಲೆ ಕವುಚುತ್ತಿದ್ದರು. ಇಂದು ಖರ್ಚು ಉಳಿಸಲು ಬಳಸುವ ಥರ್ಮೋಕೋಲ್ ಅಂತಸ್ತುಗಳೂ ಇದೇ ಉಪಾಯದ ಮುಂದುವರಿಕೆ. ಚಾಕು ಇಳಿಯುವ ಅಂತಸ್ತು ನಿಜವಾದದ್ದಾಗಿದ್ದರೆ ಶಾಸ್ತ್ರಕ್ಕೆ ಕೊರತೆಯಾಗುವುದಿಲ್ಲ.

ಆಯ್ಕೆಯೆಲ್ಲ ಮುಗಿದ ಮೇಲೆ ಉಳಿಯುವುದು ಒಂದು ಪಟ್ಟಿ. ಒಳಗೆ ಎಷ್ಟು ಕಡ್ಡಿಗಳಿವೆ, ಎಷ್ಟು ನಳಿಕೆಗಳಿವೆ, ಯಾವ ಹೂವಿಗೆ ತಂತಿಯಿದೆ, ಯಾವ ಅಂತಸ್ತು ಥರ್ಮೋಕೋಲಿನದು ಎಂಬುದನ್ನು ಬರೆದು ಕೇಕ್ ಕತ್ತರಿಸಿ ಹಂಚುವವರ ಕೈಗೆ ಕೊಡಬೇಕು. ಏರಿಸುವಾಗ ಎಣಿಸಿದ್ದಷ್ಟೂ ಇಳಿಸುವಾಗ ಕೈಗೆ ಸಿಕ್ಕಿದ ಮೇಲೆಯೇ ಮೊದಲ ತುಂಡು ಅತಿಥಿಯ ತಟ್ಟೆಗೆ ಹೋಗಬೇಕು.